ಕೋರ್‌ಬೂಟ್ ಹಾಕಿದ ಮೇಲೆ ಪರದೆ ಕಪ್ಪು: ಗ್ರಾಫಿಕ್ಸ್ ಕಾರ್ಡಿನ ತೊಂದರೆ ಹುಡುಕುವುದು ಹೇಗೆ

ಎಸ್.ಪಿ. ರೋಡಿನಲ್ಲಿ ಕೊಂಡ ಹಳೆಯ ರೇಡಿಯಾನ್ ಎಚ್‌ಡಿ 5450 ಕಾರ್ಡೊಂದನ್ನು, ಕಂಪನಿಯ ಬಯೋಸಿನ ಬದಲು ಕೋರ್‌ಬೂಟ್ (ಮೆಷೀನ್ ಆನ್ ಮಾಡಿದ ಕೂಡಲೇ ಮೊದಲು ಓಡುವ ಫರ್ಮ್‌ವೇರ್) ಇರುವ ನನ್ನ ಡೆಸ್ಕ್‌ಟಾಪಿಗೆ ಹಾಕಿದ ದಿನ ಪರದೆ ಬರಲೇ ಇಲ್ಲ. ಕಾರ್ಡ್ ಕಿತ್ತೆ, ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದೆ, ಮತ್ತೆ ಕೂರಿಸಿದೆ. ಕಪ್ಪು. ರ‍್ಯಾಮ್ ಬದಲಿಸಿದೆ. ಕಪ್ಪು. ಮರುದಿನ ಅಂಗಡಿಗೆ ಹೊತ್ತುಕೊಂಡು ಹೋದರೆ ಅಲ್ಲಿನ ಮೆಷೀನಿನಲ್ಲಿ ಅದೇ ಕಾರ್ಡ್ ಮೊದಲ ಸಲಕ್ಕೇ ಚಿತ್ರ ತೋರಿಸಿತು. "ಕಾರ್ಡ್ ಚೆನ್ನಾಗೈತೆ ಸಾರ್, ನಿಮ್ ಬೋರ್ಡೇ ಹೋಗಿರ್ಬೇಕು" ಅಂದ ಅಂಗಡಿ ಹುಡುಗ.

ಬೋರ್ಡೂ ಹೋಗಿರಲಿಲ್ಲ. ಮನೆಗೆ ಬಂದು ಏನೋ ಹೊಳೆದು, ಕಪ್ಪು ಪರದೆಯ ಮುಂದೆ ಕೂತೇ ಡಿಸ್ಕಿನ ಪಾಸ್‌ವರ್ಡನ್ನು ಟೈಪ್ ಮಾಡಿ ಎಂಟರ್ ಒತ್ತಿದೆ. ಡಿಸ್ಕಿನ ದೀಪ ಮಿನುಗತೊಡಗಿತು. ಸ್ವಲ್ಪ ಹೊತ್ತಿಗೆ ಲಾಗಿನ್ ಪರದೆ ಏನೂ ಆಗಿಲ್ಲವೆಂಬಂತೆ ಎದುರಿಗೆ ಬಂತು. ಎರಡು ದಿನವೂ ಗ್ರಬ್, ಅಂದರೆ ಲಿನಕ್ಸನ್ನು ಎಬ್ಬಿಸುವ ಪ್ರೋಗ್ರಾಮ್, ಪಾಸ್‌ವರ್ಡ್ ಕೇಳುತ್ತ ಕಾದು ಕೂತಿತ್ತು. ಕೇಳಿದ್ದು ನನಗೆ ಕಾಣುತ್ತಿರಲಿಲ್ಲ, ಅಷ್ಟೆ.

ಕಂಪನಿಯ ಬಯೋಸ್ ಇರುವ ಮೆಷೀನಿನಲ್ಲಿ ಪರದೆ ಕಪ್ಪಾದರೆ ಮೆಷೀನ್ ಎದ್ದಿಲ್ಲ ಎಂದುಕೊಳ್ಳುವುದು ಬಹುಮಟ್ಟಿಗೆ ಸರಿ. ಕೋರ್‌ಬೂಟಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. 1999ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಲಿನಕ್ಸ್‌ಬಯೋಸ್ ಎಂಬ ಹೆಸರಿನಲ್ಲಿ ಶುರುವಾಗಿ 2008ರಲ್ಲಿ ಹೆಸರು ಬದಲಿಸಿಕೊಂಡ ಈ ಫರ್ಮ್‌ವೇರ್, ಹಾರ್ಡ್‌ವೇರನ್ನು ಎಷ್ಟು ಬೇಕೋ ಅಷ್ಟು ಎಬ್ಬಿಸಿ ಉಳಿದ ಕೆಲಸವನ್ನು ಪೇಲೋಡ್ ಎಂಬ ಮುಂದಿನ ಪ್ರೋಗ್ರಾಮಿಗೆ ಒಪ್ಪಿಸಿಬಿಡುತ್ತದೆ. ಪರದೆ ಹೊತ್ತಿಸುವುದು ಅದಕ್ಕೆ ಕಡ್ಡಾಯದ ಕೆಲಸವೇ ಅಲ್ಲ. ಮೊದಲು ಕೋರ್‌ಬೂಟ್, ಆಮೇಲೆ ಪೇಲೋಡ್, ಕೊನೆಗೆ ಲಿನಕ್ಸಿನ ಡ್ರೈವರ್: ಮೂವರಲ್ಲಿ ಯಾರು ಬೇಕಾದರೂ ಹೊತ್ತಿಸಬಹುದು, ಯಾರೂ ಹೊತ್ತಿಸದೆಯೂ ಇರಬಹುದು. ಆದ್ದರಿಂದ "ಕಾರ್ಡ್ ಹೋಗಿದೆಯಾ?" ಎಂದು ಕೇಳುವ ಮೊದಲು "ಪರದೆ ಯಾವ ಹಂತದಲ್ಲಿ ಕಪ್ಪಾಗಿದೆ?" ಎಂದು ಕೇಳಿಕೊಳ್ಳಿ. ಕೆಳಗಿನ ಭಾಗಗಳೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇವೆ.

ಇಲ್ಲಿ ಹೇಳುವುದು ಕೋರ್‌ಬೂಟಿಗೂ, ಅದನ್ನು ಕಟ್ಟಿ ಸಿದ್ಧಮಾಡಿ ಕೊಡುವ ಲಿಬ್ರೆಬೂಟಿಗೂ ಅನ್ವಯಿಸುತ್ತದೆ. ಇಂಟೆಲ್ ಪ್ರೊಸೆಸರಿನ ಥಿಂಕ್‌ಪ್ಯಾಡ್‌ಗಳು ಮತ್ತು ಹಳೆಯ ಆಫೀಸ್ ಡೆಸ್ಕ್‌ಟಾಪ್‌ಗಳು ನನ್ನ ಕಣ್ಣ ಮುಂದಿವೆ.

ಮುಚ್ಚಳ ಬಿಚ್ಚುವ ಮೊದಲು

ಪವರ್ ಕೇಬಲನ್ನು ಗೋಡೆಯಿಂದಲೇ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ವಿದ್ಯುತ್ ಇಳಿಯಲಿ. ಲ್ಯಾಪ್‌ಟಾಪಾದರೆ ಬ್ಯಾಟರಿಯೂ ಹೊರಗೆ ಬರಬೇಕು. ಕಾರ್ಡ್ ಮುಟ್ಟುವ ಮೊದಲು ಕ್ಯಾಬಿನೆಟ್ಟಿನ ಬಣ್ಣ ಹಚ್ಚದ ಲೋಹದ ಭಾಗ ಮುಟ್ಟಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿ, ಅದರ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ಹೊಡೆಯುತ್ತವೆ. ಮತ್ತೆ, ಫ್ಲಾಶ್ ಮಾಡುವ, ಅಂದರೆ ಬೋರ್ಡಿನ ಚಿಪ್ಪಿಗೆ ಫರ್ಮ್‌ವೇರ್ ಬರೆಯುವ ಯಾವ ಕೆಲಸವನ್ನೂ ಕರೆಂಟ್ ಹೋಗಿ ಬರುವ ಹೊತ್ತಿನಲ್ಲಿ ಯುಪಿಎಸ್ ಇಲ್ಲದೆ ಶುರು ಮಾಡಬೇಡಿ.

ಲಕ್ಷಣ: ಫ್ಯಾನ್ ತಿರುಗುತ್ತಿದೆ, ಪರದೆ ಮೊದಲಿನಿಂದ ಕೊನೆವರೆಗೂ ಕಪ್ಪು

ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡೋಣ: ಮಾನಿಟರ್ ಕೇಬಲ್ ಯಾವ ತೂತಿನಲ್ಲಿದೆ? ಕಾರ್ಡ್ ಹಾಕಿದ ಮೇಲೂ ಬೋರ್ಡಿನ ಔಟ್‌ಪುಟ್ಟಿಗೇ ಕೇಬಲ್ ಬಿಟ್ಟಿರುವವರು ಕಡಿಮೆಯೇನಿಲ್ಲ. ಕೋರ್‌ಬೂಟಿನಲ್ಲಿ ಇದರ ತದ್ವಿರುದ್ಧವೂ ಆಗುತ್ತದೆ. ಬೋರ್ಡಿನ ಗ್ರಾಫಿಕ್ಸನ್ನೇ ಮುಖ್ಯವಾಗಿಡುವ ಆಯ್ಕೆಯೊಂದು ಕೋರ್‌ಬೂಟನ್ನು ಬಿಲ್ಡ್ ಮಾಡುವಾಗ (ಮೂಲ ಕೋಡಿನಿಂದ ಕಟ್ಟುವಾಗ) ಇರುತ್ತದೆ. ಅದು ಆನ್ ಆಗಿದ್ದರೆ ಕಾರ್ಡಿಗೆ ಸಿಕ್ಕಿಸಿದ ಮಾನಿಟರ್ ಕಪ್ಪಗೇ ಇರುತ್ತದೆ. ಆದ್ದರಿಂದ ಎರಡೂ ಕಡೆ ಸಿಕ್ಕಿಸಿ ನೋಡಿ. ಸಾಧ್ಯವಾದರೆ ಕೇಬಲ್ಲಿನ ಬಗೆಯನ್ನೂ ಬದಲಿಸಿ; ಡಿಸ್ಪ್ಲೇಪೋರ್ಟಿನಲ್ಲಿ ಬಾರದ್ದು ವಿಜಿಎಯಲ್ಲಿ ಬಂದುಬಿಡಬಹುದು. ಡಿಸ್ಪ್ಲೇಪೋರ್ಟನ್ನು ಎಚ್‌ಡಿಎಂಐ ಮಾಡುವ ಅಗ್ಗದ ಅಡಾಪ್ಟರ್ ನಡುವೆ ಇದ್ದರೆ ಮೊದಲು ಅದನ್ನು ತೆಗೆಯಿರಿ.

ಎರಡನೆಯದು, ಕಾಯಿರಿ. ಹೊಸದಾಗಿ ಫ್ಲಾಶ್ ಮಾಡಿದ ಅಥವಾ ರ‍್ಯಾಮ್ ಬದಲಿಸಿದ ಮೇಲಿನ ಮೊದಲ ಬೂಟಿನಲ್ಲಿ ರ‍್ಯಾಮಿನ ಹೊಂದಾಣಿಕೆ ಮೊದಲಿನಿಂದ ನಡೆಯುತ್ತದೆ, ಅದಕ್ಕೆ ಹೊತ್ತು ಹಿಡಿಯುತ್ತದೆ. ಐದು ಸೆಕೆಂಡಿಗೊಮ್ಮೆ ಆಫ್ ಮಾಡಿ ಆನ್ ಮಾಡುತ್ತ ಕೂತರೆ ಅದು ಎಂದೂ ಮುಗಿಯುವುದಿಲ್ಲ. ಎರಡು ನಿಮಿಷ ಬಿಟ್ಟುಬಿಡಿ, ಕಾಫಿ ಕುಡಿದು ಬನ್ನಿ.

ಮೂರನೆಯದು ಕ್ಯಾಪ್ಸ್ ಲಾಕ್. ಒತ್ತಿದಾಗ ದೀಪ ಹೊತ್ತಿ ಆರುತ್ತಿದ್ದರೆ ಮೆಷೀನಿಗೆ ಜೀವವಿದೆ, ತೊಂದರೆ ಚಿತ್ರದ್ದು ಮಾತ್ರ. ಲ್ಯಾಪ್‌ಟಾಪಿನ ಕೀಬೋರ್ಡಿನಲ್ಲೂ ಪಿಎಸ್/2 ಕೀಬೋರ್ಡಿನಲ್ಲೂ ಈ ಪರೀಕ್ಷೆ ನಂಬಬಹುದಾದದ್ದು. ಯುಎಸ್‌ಬಿ ಕೀಬೋರ್ಡ್ ಫರ್ಮ್‌ವೇರ್ ಹಂತದಲ್ಲಿ ಸ್ಪಂದಿಸದಿದ್ದರೆ ಗಾಬರಿ ಬೇಡ. ಲಿನಕ್ಸ್ ಬಂದಿರಬಹುದಾದ ಹೊತ್ತಿಗೆ ಇನ್ನೊಮ್ಮೆ ಒತ್ತಿ ನೋಡಿ. ಡಿಸ್ಕ್ ದೀಪ ಮಿನುಗುತ್ತಿದೆಯೇ, ರೂಟರಿನ ಪಟ್ಟಿಯಲ್ಲಿ ಈ ಮೆಷೀನ್ ಕಾಣುತ್ತಿದೆಯೇ ಎಂಬುದೂ ಇದೇ ಬಗೆಯ ಸುಳಿವು. ಎಸ್ಎಸ್ಎಚ್ ಹಾಕಿಟ್ಟುಕೊಂಡಿದ್ದರೆ ಇನ್ನೊಂದು ಕಂಪ್ಯೂಟರಿನಿಂದ ಒಳಗೆ ಹೋಗಿಬಿಡಿ, ಅರ್ಧ ಕೆಲಸ ಮುಗಿಯಿತು. ಕಾರ್ಡ್ ಬದಲಿಸುವ ಹಿಂದಿನ ದಿನವೇ ಎಸ್ಎಸ್ಎಚ್ ಹಾಕಿಡುವುದು ನಾನು ಪೆಟ್ಟು ತಿಂದು ಕಲಿತ ಅಭ್ಯಾಸ.

ಬೀಪ್ ಶಬ್ದಕ್ಕಾಗಿ ಕಾಯಬೇಡಿ. ಹಳೆಯ ಬಯೋಸುಗಳ ಹಾಗೆ ಒಂದು ಉದ್ದ, ಎರಡು ಗಿಡ್ಡ ಬೀಪ್ ಹೊಡೆದು ದೂರು ಹೇಳುವ ಅಭ್ಯಾಸ ಕೋರ್‌ಬೂಟಿಗಿಲ್ಲ.

ಜೀವದ ಸುಳಿವೇ ಇಲ್ಲದಿದ್ದರೆ ಕಾರ್ಡ್ ಕಿತ್ತು, ಒಂದೇ ರ‍್ಯಾಮ್ ಕಡ್ಡಿಯನ್ನು ಮೊದಲ ಸ್ಲಾಟಿನಲ್ಲಿಟ್ಟು, ಬೋರ್ಡಿನ ಗ್ರಾಫಿಕ್ಸಿನಲ್ಲಿ ಎಬ್ಬಿಸಿ. ಎದ್ದರೆ ತೊಂದರೆ ಕಾರ್ಡಿನ ಸುತ್ತ ಇದೆ. ಏಳದಿದ್ದರೆ ಗ್ರಾಫಿಕ್ಸಿನ ಮಾತು ಬದಿಗಿಡಿ: ರ‍್ಯಾಮ್ ಇರಬಹುದು, ಇಲ್ಲವೇ ಫ್ಲಾಶ್ ಮಾಡಿದ ಇಮೇಜೇ (ಚಿಪ್ಪಿಗೆ ಬರೆದ ಫರ್ಮ್‌ವೇರ್ ಫೈಲ್) ತಪ್ಪಿರಬಹುದು. ಹಾಗಿದ್ದರೆ ನೇರವಾಗಿ ಕೊನೆಯ ಭಾಗಕ್ಕೆ ಹೋಗಿ.

ಕಾರ್ಡಿನ ಪವರ್ ಬಗ್ಗೆ ಒಂದು ಮಾತು. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಆರು ಪಿನ್ನಿನ ಕನೆಕ್ಟರ್ ಇನ್ನೊಂದು 75, ಎಂಟು ಪಿನ್ನಿನದು 150 ವ್ಯಾಟ್ ಸೇರಿಸುತ್ತದೆ. ಆ ವೈರ್ ಸಿಕ್ಕಿಸಲು ಮರೆತರೆ ಎನ್‌ವಿಡಿಯಾ ಕಾರ್ಡುಗಳು ಸಾಮಾನ್ಯವಾಗಿ ಪರದೆಯ ಮೇಲೆ "ಪವರ್ ಕೇಬಲ್ ಸಿಕ್ಕಿಸಿ" ಎಂದು ಬರೆದು ತೋರಿಸುತ್ತವೆ. ಆದರೆ ಆ ಅಕ್ಷರ ಬರೆಯುವುದು ಕಾರ್ಡಿನೊಳಗಿನ ವಿಡಿಯೋ ಬಯೋಸ್. ಕೋರ್‌ಬೂಟ್ ಮೆಷೀನಿನಲ್ಲಿ ಅದನ್ನು ಯಾರೂ ಓಡಿಸದಿದ್ದರೆ ಆ ಎಚ್ಚರಿಕೆಯೂ ಬರುವುದಿಲ್ಲ; ಸುಮ್ಮನೆ ಕಪ್ಪು. ಕಣ್ಣಿನಿಂದಲೇ ನೋಡಿ ಖಚಿತ ಮಾಡಿಕೊಳ್ಳಬೇಕು. ಹಳೆಯ ಆಫೀಸ್ ಡೆಸ್ಕ್‌ಟಾಪ್‌ಗಳ ಸಪ್ಲೈಯಲ್ಲಿ ಈ ವೈರೇ ಇರುವುದಿಲ್ಲ. ಸಾಟಾ ವೈರನ್ನು ಎಂಟು ಪಿನ್ನಾಗಿಸುವ ಅಡಾಪ್ಟರ್ ಅಂಗಡಿಯಲ್ಲಿ ಸಿಗುತ್ತದೆ. ಕೊಳ್ಳಬೇಡಿ, ಅವು ಕರಗಿ ಹೊಗೆ ಎಬ್ಬಿಸುವ ಬಗೆಯವು.

ಲಕ್ಷಣ: ಬೂಟ್ ಮೆನು ಕಾಣುವುದಿಲ್ಲ, ಲಿನಕ್ಸ್ ಬಂದ ಮೇಲೆ ಎಲ್ಲ ಸರಿ

ನನ್ನ ಎಚ್‌ಡಿ 5450ರ ಕಾಯಿಲೆ ಇದೇ. ಬಿಡಿ ಕಾರ್ಡುಗಳ ವಿಷಯದಲ್ಲಿ ಅತಿ ಹೆಚ್ಚು ಕಾಡುವುದೂ ಇದೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪ್ರತಿ ಗ್ರಾಫಿಕ್ಸ್ ಕಾರ್ಡಿನ ಮೇಲೂ ಒಂದು ಪುಟ್ಟ ಚಿಪ್ಪಿನಲ್ಲಿ ಆ ಕಾರ್ಡನ್ನು ಎಬ್ಬಿಸುವ ಪ್ರೋಗ್ರಾಮ್ ಇರುತ್ತದೆ. ಅದರ ಹೆಸರು ಆಪ್ಶನ್ ರೋಮ್, ವಿಡಿಯೋ ಬಯೋಸ್ ಎಂದರೂ ಅದೇ. ಕಂಪನಿಯ ಬಯೋಸ್ ಅದನ್ನು ಕೇಳದೆಯೇ ಓಡಿಸುತ್ತದೆ. ಕೋರ್‌ಬೂಟಿನಲ್ಲಿ ಅದು ಪೇಲೋಡಿನ ಮೇಲೆ ನಿಂತಿದೆ. ಹಳೆಯ ಬಯೋಸಿನಂತೆ ನಡೆಯುವ ಸೀಬಯೋಸ್ ಪೇಲೋಡ್ ಆಗಿದ್ದರೆ ತಾನೇ ಓಡಿಸುತ್ತದೆ. ಗ್ರಬ್ ಒಂದೇ ಇದ್ದರೆ ಓಡಿಸುವುದಿಲ್ಲ. ಆಪ್ಶನ್ ರೋಮ್ ಎಂದರೇನೆಂದೇ ಅದಕ್ಕೆ ಗೊತ್ತಿಲ್ಲ.

ಇಂಟೆಲ್ಲಿನ ಒಳಗಿನ ಗ್ರಾಫಿಕ್ಸಿನ ಕಥೆ ಬೇರೆ. ಅದಕ್ಕೆ ಕೋರ್‌ಬೂಟಿನಲ್ಲೇ ಏಡಾ ಭಾಷೆಯಲ್ಲಿ ಬರೆದ ಲಿಬ್‌ಜಿಎಫ್ಎಕ್ಸ್‌ಇನಿಟ್ ಎಂಬ ಲೈಬ್ರರಿ ಇದೆ, ಕಂಪನಿಯ ರೋಮಿನ ಹಂಗಿಲ್ಲದೆ ಪರದೆ ಹೊತ್ತಿಸುತ್ತದೆ. ಬಿಡಿ ಕಾರ್ಡುಗಳಿಗೆ ಆ ಭಾಗ್ಯವಿಲ್ಲ. ಕಾರ್ಡ್ ಹಾಕುವವರೆಗೆ ಚೆನ್ನಾಗಿದ್ದ ಬೂಟ್ ಮೆನು ಹಾಕಿದ ಮೇಲೆ ಮಾಯವಾಗುವುದು ಇದಕ್ಕೇ.

ಹಾಗಾದರೆ ಲಿನಕ್ಸ್ ಬಂದ ಮೇಲೆ ಹೇಗೆ ಹೊತ್ತಿತು? ಡ್ರೈವರ್ ಆ ಕೆಲಸವನ್ನು ತಾನೇ ಮಾಡಿತು. ಕರ್ನಲ್ ಲಾಗ್ (ಲಿನಕ್ಸಿನ ತಿರುಳು ಏಳುವಾಗ ಬರೆದಿಡುವ ದಾಖಲೆ) ತೆಗೆದು ನೋಡಿ. ರೇಡಿಯಾನ್ ಡ್ರೈವರ್ "ಜಿಪಿಯು ನಾಟ್ ಪೋಸ್ಟೆಡ್, ಪೋಸ್ಟಿಂಗ್ ನೌ" ಎಂದು ಬರೆದಿದ್ದರೆ ಅರ್ಥ ಇಷ್ಟೆ: ಫರ್ಮ್‌ವೇರ್ ಈ ಕಾರ್ಡನ್ನು ಮುಟ್ಟಿಯೇ ಇಲ್ಲ, ನಾನು ಬಂದು ಎಬ್ಬಿಸುತ್ತಿದ್ದೇನೆ. ಈ ಸಾಲು ಸಿಕ್ಕಿತೆಂದರೆ ಕಾರ್ಡ್ ನೆಟ್ಟಗಿದೆ, ಕಳಚಿ ಉಜ್ಜುವ ಅಗತ್ಯವಿಲ್ಲ.

ಪರಿಹಾರ ಮೂರು ಬಗೆಯಲ್ಲಿದೆ. ಏನೂ ಮಾಡದೆ ಇರುವುದೇ ಎಲ್ಲಕ್ಕಿಂತ ಅಗ್ಗ. ಬೋರ್ಡಿನ ಗ್ರಾಫಿಕ್ಸನ್ನು ಮುಖ್ಯವಾಗಿಟ್ಟು, ಮಾನಿಟರಿಗೆ ಎರಡು ಕೇಬಲ್ ಎಳೆದು, ಮೆನು ಒಂದರಲ್ಲಿ, ಕೆಲಸ ಇನ್ನೊಂದರಲ್ಲಿ. ನನ್ನ ಮೇಜಿನ ಮೇಲೆ ಇವತ್ತಿಗೂ ಹೀಗೇ ಇದೆ. ಎರಡನೆಯದು ಸೀಬಯೋಸನ್ನು ಮುಂದಿಟ್ಟು ಅದರ ಹಿಂದೆ ಗ್ರಬ್ ಕೂರಿಸಿದ ಇಮೇಜ್ ಹಾಕುವುದು. ಲಿಬ್ರೆಬೂಟಿನಲ್ಲಿ ಇದಕ್ಕೆ ಸೀಗ್ರಬ್ ಎನ್ನುತ್ತಾರೆ. ಬಿಡಿ ಕಾರ್ಡ್ ಬಳಸುವವರಿಗೆ ನನ್ನ ಸಲಹೆ ಇದೇ. ಮೂರನೆಯದು ಕೋರ್‌ಬೂಟನ್ನು ನೀವೇ ಬಿಲ್ಡ್ ಮಾಡುವಾಗ ಆಪ್ಶನ್ ರೋಮನ್ನು ಅದೇ ಓಡಿಸುವಂತೆ ಆಯ್ಕೆ ಮಾಡುವುದು. ಆಪ್ಶನ್ ರೋಮ್ ಎಂದರೆ ಕಾರ್ಡ್ ತಯಾರಿಸಿದವರ ಮುಚ್ಚಿದ ಕೋಡ್, ನಿಮ್ಮ ಮೆಷೀನ್ ಏಳುವ ಮೊದಲೇ ಓಡುವಂಥದ್ದು. ಅದನ್ನು ತಪ್ಪಿಸಲೆಂದೇ ಕೋರ್‌ಬೂಟ್ ಹಾಕಿಕೊಂಡವರು ಮೊದಲ ದಾರಿಗೇ ನಿಲ್ಲುತ್ತಾರೆ.

ಪೇಲೋಡ್ ಇಡಿಕೆ2 ಆಗಿದ್ದರೆ ಇನ್ನೊಂದು ತೊಡಕಿದೆ. ಅದು ಯುಇಎಫ್ಐ, ಅಂದರೆ ಬಯೋಸಿನ ಬದಲು ಬಂದ ಹೊಸ ಬಗೆಯ ಫರ್ಮ್‌ವೇರಿನ ಕುಲದ್ದು, ಕಾರ್ಡಿನಲ್ಲಿ ಜಿಒಪಿ ಎಂಬ ಹೊಸ ಬಗೆಯ ರೋಮ್ ಇರಬೇಕು ಎನ್ನುತ್ತದೆ. 2010ರ ಎಚ್‌ಡಿ 5450ರಂಥ ಕಾರ್ಡಿನಲ್ಲಿ ಅದು ಎಲ್ಲಿಂದ ಬರಬೇಕು? ಹಳೆಯ ಕಾರ್ಡಿಗೆ ಸೀಬಯೋಸ್, ಹೊಸ ಕಾರ್ಡಿಗೆ ಇಡಿಕೆ2 ಎಂದಿಟ್ಟುಕೊಂಡರೆ ಹೆಚ್ಚು ತಪ್ಪುವುದಿಲ್ಲ. ನಿಮ್ಮ ಇಮೇಜಿನಲ್ಲಿ ಯಾವುದಿದೆ ಎಂದು ಗೊತ್ತಿಲ್ಲದಿದ್ದರೆ ಕೋರ್‌ಬೂಟಿನ ಜೊತೆ ಬರುವ ಸಿಬಿಎಫ್ಎಸ್‌ಟೂಲಿನ ಪ್ರಿಂಟ್ ಕಮಾಂಡ್ ಒಳಗಿರುವ ಫೈಲುಗಳ ಪಟ್ಟಿ ಕೊಡುತ್ತದೆ.

ಲಕ್ಷಣ: ಬೂಟ್ ಮೆನು ಕಾಣುತ್ತದೆ, ಕರ್ನಲ್ ಶುರುವಾದ ಕೂಡಲೇ ಕಪ್ಪು

ಫರ್ಮ್‌ವೇರ್ ತನ್ನ ಕೆಲಸ ಮಾಡಿದೆ, ಅದನ್ನು ಬೈಯಬೇಡಿ. ಫ್ಲಾಶ್ ಮಾಡಲೂ ಹೋಗಬೇಡಿ. ಇದು ಡ್ರೈವರಿನ ಜಾಗ.

ಮೊದಲು ನೋಡಬೇಕಾದದ್ದು ಕಾರ್ಡಿನ ಫರ್ಮ್‌ವೇರ್ ಫೈಲುಗಳು (ಕೋರ್‌ಬೂಟ್ ಅಲ್ಲ, ಡ್ರೈವರ್ ಕಾರ್ಡಿಗೆ ತುಂಬುವ ಫೈಲುಗಳು). ಕೋರ್‌ಬೂಟ್ ಹಾಕುವವರಲ್ಲಿ ಕೆಲವರು ಮುಚ್ಚಿದ ಫೈಲು ಒಂದೂ ಇಲ್ಲದ ಲಿನಕ್ಸನ್ನೇ ಹಾಕಿಕೊಳ್ಳುತ್ತಾರೆ, ಆದರೆ ಎಎಂಡಿ ಕಂಪನಿಯ ರೇಡಿಯಾನ್ ಕಾರ್ಡುಗಳು ಆ ಫೈಲುಗಳಿಲ್ಲದೆ ನೆಟ್ಟಗೆ ನಡೆಯುವುದಿಲ್ಲ. ಲಾಗಿನಲ್ಲಿ "ರೇಡಿಯಾನ್" ಫೋಲ್ಡರಿನ "ಸೀಡರ್" ಎಂದು ಶುರುವಾಗುವ ಫೈಲ್ ಲೋಡ್ ಆಗಲಿಲ್ಲ ಎಂಬ ಸಾಲಿದ್ದರೆ ಅದು ಎಚ್‌ಡಿ 5450ರ ದೂರು. ಡೆಬಿಯನ್ನಿನಲ್ಲಿ ಎಎಂಡಿ ಗ್ರಾಫಿಕ್ಸ್ ಫರ್ಮ್‌ವೇರ್ ಪ್ಯಾಕೇಜ್ ಹಾಕಿದರೆ ಸಾಕು. 2023ರ ಡೆಬಿಯನ್ 12ರಿಂದ ಇನ್‌ಸ್ಟಾಲ್ ಮಾಡುವ ಡಿಸ್ಕಿನಲ್ಲೇ ಇವು ಬರುತ್ತವೆ. ಎನ್‌ವಿಡಿಯಾದಲ್ಲಿ ಜಿಟಿಎಕ್ಸ್ 900 ಸರಣಿಯ ಕಾರ್ಡುಗಳಿಂದಾಚೆ ಕಂಪನಿ ಸಹಿ ಮಾಡಿದ ಫರ್ಮ್‌ವೇರ್ ಬೇಕೇಬೇಕು. ಅದಕ್ಕೆ ಹಿಂದಿನ ಕೆಪ್ಲರ್ ಕಾಲದ ಕಾರ್ಡುಗಳು ನೂವೋ ಎಂಬ ತೆರೆದ ಕೋಡಿನ ಡ್ರೈವರಿನೊಂದಿಗೆ ಎಷ್ಟೋ ಸಲೀಸು.

ಇಲ್ಲೊಂದು ಬಲೆ ಇದೆ. ಪರದೆ ಕಪ್ಪಾದರೆ ಕರ್ನಲ್ ಸಾಲಿಗೆ (ಬೂಟ್ ಮೆನುವಿನಿಂದ ಕರ್ನಲ್ಲಿಗೆ ಆಯ್ಕೆಗಳನ್ನು ಕೊಡುವ ಸಾಲು) ನೋಮೋಡ್‌ಸೆಟ್ ಸೇರಿಸಿ ಎಂದು ಎಲ್ಲ ಕಡೆಯೂ ಹೇಳುತ್ತಾರೆ. ಆ ಪದದ ಅರ್ಥ, ಡ್ರೈವರ್ ಪರದೆಯನ್ನು ಮುಟ್ಟಕೂಡದು, ಫರ್ಮ್‌ವೇರ್ ಹೊತ್ತಿಸಿಟ್ಟದ್ದನ್ನೇ ಬಳಸಬೇಕು. ಫರ್ಮ್‌ವೇರ್ ಹೊತ್ತಿಸಿಯೇ ಇಲ್ಲದ ಕಾರ್ಡಿಗೆ ಇದನ್ನು ಕೊಟ್ಟರೆ ಹೊತ್ತಿಸಬಲ್ಲ ಒಬ್ಬನನ್ನೂ ಮನೆಗೆ ಕಳಿಸಿದಂತೆ. ಈ ಭಾಗದ ಲಕ್ಷಣಕ್ಕೆ ಮಾತ್ರ ಅದನ್ನು ಪರೀಕ್ಷೆಗಾಗಿ ಬಳಸಿ, ಹಿಂದಿನ ಭಾಗದ್ದಕ್ಕೆ ಬೇಡ.

ಎಸ್ಎಸ್ಎಚ್ ಮೂಲಕ ಒಳಗೆ ಹೋಗಲು ಆದರೆ ಬೋರ್ಡಿನ ಪಿಸಿಐ ಸಾಧನಗಳ ಪಟ್ಟಿ ಕೊಡುವ ಎಲ್ಎಸ್‌ಪಿಸಿಐ ಕಮಾಂಡನ್ನು ವಿವರದ ಆಯ್ಕೆಗಳೊಂದಿಗೆ ಓಡಿಸಿ. ಕಾರ್ಡಿನ ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ ಸ್ಲಾಟ್, ಪವರ್ ಅಥವಾ ಕಾರ್ಡ್ ಸತ್ತಿರುವುದು. ಹೆಸರಿದೆ, ಬಳಕೆಯಲ್ಲಿರುವ ಡ್ರೈವರ್ ಎಂಬ ಸಾಲಿಲ್ಲ ಎಂದರೆ ಡ್ರೈವರ್ ಬಂದಿಲ್ಲ. ಹಿಂದೆಂದೋ ಎನ್‌ವಿಡಿಯಾದ ಡ್ರೈವರ್ ಹಾಕಿ ನೂವೋವನ್ನು ಕಪ್ಪುಪಟ್ಟಿಗೆ ಸೇರಿಸಿದ ಫೈಲ್ ಮಾಡ್‌ಪ್ರೋಬ್ ಫೋಲ್ಡರಿನಲ್ಲಿ ಉಳಿದುಕೊಂಡಿದೆಯೇ ನೋಡಿ. ಕಾರ್ಡಿನ ಮೆಮೊರಿ ಸಾಲುಗಳ ಮುಂದೆ ಡಿಸೇಬಲ್ಡ್ ಎಂದಿದ್ದು, ಕರ್ನಲ್ ಲಾಗಿನಲ್ಲಿ "ಬಾರ್ 0" ಮತ್ತು "ನೋ ಸ್ಪೇಸ್" ಎಂಬ ಪದಗಳು ಸಿಕ್ಕರೆ, ಕಾರ್ಡ್ ಕೇಳಿದಷ್ಟು ವಿಳಾಸದ ಜಾಗವನ್ನು ಫರ್ಮ್‌ವೇರ್ ಕೊಟ್ಟಿಲ್ಲ ಎಂದರ್ಥ. ಹಳೆಯ ಕೋರ್‌ಬೂಟ್ ಇಮೇಜಿಗೆ ಹೊಸ ದೊಡ್ಡ ಕಾರ್ಡ್ ಹಾಕಿದಾಗ ಹೀಗಾಗುತ್ತದೆ. ಕರ್ನಲ್ ಸಾಲಿಗೆ ಪಿಸಿಐ=ರೀಅಲಾಕ್ ಸೇರಿಸಿ ನೋಡಿ; ಆಗದಿದ್ದರೆ ಹೊಸ ಕೋರ್‌ಬೂಟ್ ಬಿಲ್ಡ್ ಬೇಕು.

ಲಾಗಿನಲ್ಲಿ ಡಿಎಂಎಆರ್ ಎಂದು ಶುರುವಾಗಿ ಫಾಲ್ಟ್ ಎಂದು ಮುಗಿಯುವ ಸಾಲುಗಳು ಮಳೆಯಂತೆ ಸುರಿಯುತ್ತಿದ್ದರೆ ಜಗಳ ಐಒಎಂಎಂಯು ಜೊತೆ; ಸಾಧನಗಳು ತಮ್ಮದಲ್ಲದ ಮೆಮೊರಿ ಮುಟ್ಟದಂತೆ ಕಾಯುವ ಭಾಗ ಅದು. ಇಂಟೆಲ್_ಐಒಎಂಎಂಯು=ಐಜಿಎಫ್ಎಕ್ಸ್_ಆಫ್ ಎಂದು ಕೊಟ್ಟರೆ ಒಳಗಿನ ಗ್ರಾಫಿಕ್ಸಿಗೆ ಮಾತ್ರ ಆ ಕಾವಲು ತಪ್ಪುತ್ತದೆ; ಪೂರ್ತಿ ಆಫ್ ಮಾಡುವುದು ಆಮೇಲಿನ ಮಾತು. ಸುರಕ್ಷತೆಗೆಂದೇ ಕಟ್ಟಿದ ಕ್ಯೂಬ್ಸ್ ಆಪರೇಟಿಂಗ್ ಸಿಸ್ಟಮ್ ಬಳಸುವವರಿಗೆ ಅದು ಆಗದು, ಆ ಕಾವಲೇ ಅಲ್ಲಿನ ಆಧಾರ.

ಲಕ್ಷಣ: ಲ್ಯಾಪ್‌ಟಾಪಿನ ಪರದೆ ಕಪ್ಪು, ಆದರೆ ಪೂರ್ತಿ ಕಪ್ಪಲ್ಲ

ಕೋಣೆಯ ಲೈಟ್ ಆರಿಸಿ, ಮೊಬೈಲಿನ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಅಕ್ಷರ ಕಂಡರೆ ಚಿತ್ರ ಬರುತ್ತಿದೆ, ಹಿಂಬದಿಯ ಬೆಳಕು ಮಾತ್ರ ಇಲ್ಲ. ಬ್ರೈಟ್‌ನೆಸ್ ಕೀ ಒತ್ತಿ ನೋಡಿ: ಥಿಂಕ್‌ಪ್ಯಾಡ್ ಎಕ್ಸ್200, ಟಿ400ಗಳಲ್ಲಿ ಎಫ್ಎನ್ ಜೊತೆ ಹೋಮ್, ಎಕ್ಸ್230ಯಲ್ಲಿ ಎಫ್ಎನ್ ಜೊತೆ ಎಫ್9. ನಗಬೇಡಿ, ಅಷ್ಟಕ್ಕೇ ಸರಿಹೋದದ್ದನ್ನು ನೋಡಿದ್ದೇನೆ.

ಬ್ರೈಟ್‌ನೆಸ್ ಬದಲಾಗದಿದ್ದರೆ, ಅಥವಾ ಹೊರಗಿನ ಎಚ್‌ಡಿಎಂಐ, ಡಿಸ್ಪ್ಲೇಪೋರ್ಟುಗಳನ್ನು ಲಿನಕ್ಸ್ ಗುರುತಿಸದಿದ್ದರೆ ಕರ್ನಲ್ ಲಾಗಿನಲ್ಲಿ ವಿಬಿಟಿ ಎಂಬ ಪದ ಹುಡುಕಿ. ಯಾವ ಪೋರ್ಟ್ ಎಲ್ಲಿದೆ, ಪ್ಯಾನೆಲ್ ಯಾವುದು, ಬೆಳಕನ್ನು ಹೇಗೆ ನಿಭಾಯಿಸಬೇಕು ಎಂದು ಇಂಟೆಲ್ ಡ್ರೈವರಿಗೆ ಹೇಳುವ ಚಿಕ್ಕ ಕೋಷ್ಟಕ ಅದು. ಅದು ಸಿಗಲಿಲ್ಲ ಎಂದು ಡ್ರೈವರ್ ದೂರಿದ್ದರೆ ಇಮೇಜಿನಲ್ಲಿ ಆ ಫೈಲ್ ಸೇರಿಲ್ಲ. ಕೋರ್‌ಬೂಟ್ ಹಾಕುವ ಮೊದಲೇ, ಕಂಪನಿಯ ಬಯೋಸ್ ಇರುವಾಗಲೇ ಕರ್ನಲ್ಲಿನ ಡೀಬಗ್ ಫೈಲುಗಳಲ್ಲಿ ಐ915_ವಿಬಿಟಿ ಎಂಬುದನ್ನು ನಕಲು ಮಾಡಿಟ್ಟುಕೊಂಡಿದ್ದರೆ ಈಗ ಉಪಯೋಗಕ್ಕೆ ಬರುತ್ತದೆ.

ಪ್ಯಾನೆಲ್ ಬದಲಿಸಿದ ಮೆಷೀನುಗಳನ್ನು ವಿಶೇಷವಾಗಿ ಅನುಮಾನಿಸಿ. ಎಕ್ಸ್230ಗೆ ಪುಟ್ಟ ಬೋರ್ಡೊಂದನ್ನು ಬೆಸೆದು ಫುಲ್ ಎಚ್‌ಡಿ ಪ್ಯಾನೆಲ್ ಹಾಕುವ ಮಾರ್ಪಾಟು ಬಹಳ ಜನಪ್ರಿಯ. ಅಂಥದ್ದಕ್ಕೆ ಮಾಮೂಲಿ ಎಕ್ಸ್230 ಇಮೇಜ್ ಹಾಕಿದರೆ ಅದು ಹಳೆಯ ಪ್ಯಾನೆಲ್ ಇದ್ದ ದಾರಿಯಲ್ಲೇ ಚಿತ್ರ ಕಳಿಸುತ್ತದೆ, ಹೊಸ ಪ್ಯಾನೆಲ್ ಇರುವುದು ಬೇರೆ ದಾರಿಯಲ್ಲಿ. ಕೋರ್‌ಬೂಟಿನಲ್ಲೂ ಲಿಬ್ರೆಬೂಟಿನಲ್ಲೂ ಇದಕ್ಕೆ ಇಡಿಪಿ ಎಂಬ ಹೆಸರಿನ ಪ್ರತ್ಯೇಕ ಇಮೇಜಿದೆ. ಹಳೆಯ ಮೆಷೀನ್ ಕೊಳ್ಳುವಾಗ "ಡಿಸ್ಪ್ಲೇ ಚೇಂಜ್ ಮಾಡಿದೀರಾ?" ಎಂದು ಕೇಳುವುದು ಒಳ್ಳೆಯದು.

ಲಕ್ಷಣ: ಎರಡು ಗ್ರಾಫಿಕ್ಸ್ ಇರುವ ಥಿಂಕ್‌ಪ್ಯಾಡಿನಲ್ಲಿ ಒಂದೇ ಕೆಲಸ ಮಾಡುತ್ತಿದೆ

ಟಿ400ರಲ್ಲಿ ಇಂಟೆಲ್ ಜೊತೆ ಎಟಿಐ, ಟಿ420, ಟಿ430ಗಳ ಕೆಲವು ಮಾದರಿಗಳಲ್ಲಿ ಇಂಟೆಲ್ ಜೊತೆ ಎನ್‌ವಿಡಿಯಾ. ಕೋರ್‌ಬೂಟಿನಲ್ಲಿ ಇವನ್ನು ನಿಭಾಯಿಸುವುದು ಹೈಬ್ರಿಡ್_ಗ್ರಾಫಿಕ್ಸ್_ಮೋಡ್ ಎಂಬ ಸೆಟ್ಟಿಂಗ್. ಎನ್‌ವಿರ‍್ಯಾಮ್‌ಟೂಲ್ ಎಂಬ ಕಮಾಂಡಿನಿಂದ ಓದಿ ಬದಲಿಸಬಹುದು. ಇಂಟಿಗ್ರೇಟೆಡ್ ಓನ್ಲಿ ಎಂದಿಟ್ಟರೆ ಬಹುತೇಕ ಎಲ್ಲ ತಲೆನೋವೂ ನಿಲ್ಲುತ್ತದೆ. ಬ್ಯಾಟರಿಯೂ ಹೆಚ್ಚು ಬರುತ್ತದೆ. ಕುತೂಹಲಕ್ಕೆ ಡಿಸ್ಕ್ರೀಟ್ ಓನ್ಲಿ ಎಂದಿಟ್ಟು, ಆ ಚಿಪ್ಪಿನ ವಿಡಿಯೋ ಬಯೋಸ್ ಇಮೇಜಿನಲ್ಲಿ ಇಲ್ಲದೆ ಪರದೆ ಕಪ್ಪಾಗಿದ್ದರೆ, ಒಳಗಿನ ನಾಣ್ಯದಂಥ ಸಿಮಾಸ್ ಬ್ಯಾಟರಿಯನ್ನು ಕೆಲ ನಿಮಿಷ ಕಿತ್ತಿಡಿ. ಸೆಟ್ಟಿಂಗ್ ಅಳಿಸಿ ಸಾಮಾನ್ಯವಾಗಿ ಮೊದಲಿನ ಸ್ಥಿತಿಗೆ ಮರಳುತ್ತದೆ.

ಡಬ್ಲ್ಯು530ಯಲ್ಲಿ ಹೊರಗಿನ ಮಾನಿಟರಿನ ಪೋರ್ಟುಗಳ ತಂತಿ ಹೋಗಿರುವುದು ಎನ್‌ವಿಡಿಯಾ ಚಿಪ್ಪಿಗೆ. ಇಂಟೆಲ್ ಮಾತ್ರ ಇಟ್ಟುಕೊಂಡರೆ ಆ ಪೋರ್ಟುಗಳು ಸತ್ತಂತೆ. ಯಾವ ಸೆಟ್ಟಿಂಗೂ ಇದನ್ನು ಬದಲಿಸದು, ತಂತಿಯೇ ಹಾಗಿದೆ. ಹಾಗೆಯೇ ಎಟಿಐ ಚಿಪ್ಪಿನ ಟಿ60 ಮೆಷೀನಿಗೆ ಲಿಬ್ರೆಬೂಟ್ ಹಾಕಲೇಬಾರದು. ಇಂಟೆಲ್ ಗ್ರಾಫಿಕ್ಸಿನ ಟಿ60ಗೆ ಮಾತ್ರ ಅದು ಆಗುವುದು. ಫ್ಲಾಶ್ ಮಾಡುವ ಮೊದಲು ಎಲ್ಎಸ್‌ಪಿಸಿಐ ಓಡಿಸಿ ನೋಡಿದರೆ ಅರ್ಧ ನಿಮಿಷದ ಕೆಲಸ.

ಲಕ್ಷಣ: ಲಿನಕ್ಸ್ ಚೆನ್ನಾಗಿದೆ, ಮೆಮ್‌ಟೆಸ್ಟ್ ಅಥವಾ ಇನ್‌ಸ್ಟಾಲರಿನ ಮೆನು ಮಾತ್ರ ಕಾಣುವುದಿಲ್ಲ

ದೋಷವಲ್ಲ. ನಿಮ್ಮ ಇಮೇಜ್ ಪರದೆಯನ್ನು ಚಿತ್ರದ ಮೋಡಿನಲ್ಲಿ ಎಬ್ಬಿಸುತ್ತಿದೆ, ಮೆಮ್‌ಟೆಸ್ಟ್ (ರ‍್ಯಾಮ್ ಪರೀಕ್ಷಿಸುವ ಪ್ರೋಗ್ರಾಮ್) ಅಥವಾ ಇನ್‌ಸ್ಟಾಲರ್ ಹಳೆಯ ವಿಜಿಎ ಅಕ್ಷರದ ಮೋಡನ್ನು ನಂಬಿಕೊಂಡಿದೆ. ಲಿಬ್ರೆಬೂಟಿನ ಇಮೇಜುಗಳ ಹೆಸರಿನಲ್ಲಿ ಕೋರ್‌ಬೂಟ್‌ಎಫ್‌ಬಿ ಎಂದಿರುವುದು ಚಿತ್ರದ್ದು, ಟೆಕ್ಸ್ಟ್‌ಮೋಡ್ ಎಂದಿರುವುದು ಅಕ್ಷರದ್ದು. ಎರಡನೆಯದನ್ನು ಹಾಕಿಕೊಳ್ಳಿ.

ಲಕ್ಷಣ: ಚಿತ್ರ ಬರುತ್ತದೆ, ಜೊತೆಗೆ ಗೆರೆ, ಚುಕ್ಕಿ, ಚೌಕಗಳೂ ಬರುತ್ತವೆ

ಬೂಟ್ ಮೆನುವಿನಲ್ಲೇ ಕೆಟ್ಟ ಬಣ್ಣದ ಚೌಕಗಳು ಕಂಡರೆ ಹಾರ್ಡ್‌ವೇರ್ ಕೆಟ್ಟಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಆ ಹೊತ್ತಿಗೆ ಡ್ರೈವರ್ ಇನ್ನೂ ಬಂದೇ ಇಲ್ಲ. ಲಾಗಿನ್ ಆದ ಮೇಲಷ್ಟೇ ಕಂಡರೆ ಡ್ರೈವರೂ ಇರಬಹುದು, ಬಿಸಿಯೂ ಇರಬಹುದು. ಹೀಟ್‌ಸಿಂಕಿನ ಧೂಳು ಊದಿ, ಫ್ಯಾನ್ ತಿರುಗುತ್ತಿದೆಯೇ ನೋಡಿ, ಬೇರೆ ಕರ್ನಲ್ ಹಾಕಿ ನೋಡಿ. ಒಳಗಿನ ಗ್ರಾಫಿಕ್ಸಿನಲ್ಲಿ ಹೀಗಾದರೆ ಮೊದಲ ಅನುಮಾನ ರ‍್ಯಾಮಿನ ಮೇಲಿರಲಿ, ಅದು ಚಿತ್ರ ಇಟ್ಟುಕೊಳ್ಳುವುದು ಅಲ್ಲೇ. ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ.

ಬಿಡಿ ಕಾರ್ಡಿನ ಚೌಕಗಳು ಇನ್ನೊಂದು ಮೆಷೀನಿನಲ್ಲೂ ಬಂದರೆ ಅಲ್ಲಿಗೆ ನಿಲ್ಲಿಸಿ. ಕಾರ್ಡನ್ನು ಓವನ್ನಿನಲ್ಲಿಟ್ಟು ಕಾಯಿಸಿದರೆ ಸರಿಹೋಗುತ್ತದೆ ಎನ್ನುವವರ ಮಾತು ಕೇಳಬೇಡಿ. ಕೆಲವು ದಿನ ನಡೆದು ಮತ್ತೆ ಕೆಡುತ್ತದೆ, ಅಷ್ಟರಲ್ಲಿ ಅಡುಗೆ ಮಾಡುವ ಓವನ್ನಿನೊಳಗೆ ಬೆಸುಗೆಯ ವಿಷದ ಹೊಗೆ ತುಂಬಿರುತ್ತದೆ.

ಇಷ್ಟಾದರೂ ತಿಳಿಯದಿದ್ದರೆ: ಲಾಗ್ ತೆಗೆಯುವುದು

ಕೋರ್‌ಬೂಟ್ ಎದ್ದ ಕ್ಷಣದಿಂದ ತಾನು ಮಾಡಿದ್ದನ್ನೆಲ್ಲ ಮೆಮೊರಿಯಲ್ಲಿ ಬರೆದಿಡುತ್ತದೆ. ಲಿನಕ್ಸ್ ಹೇಗಾದರೂ ಬರುತ್ತಿದ್ದರೆ ಸಿಬಿಮೆಮ್ ಕಮಾಂಡಿಗೆ ಸಿ ಆಯ್ಕೆ ಕೊಟ್ಟು ಅದನ್ನು ಓದಬಹುದು. ಅನುಮತಿ ಇಲ್ಲ ಎಂದರೆ ಕರ್ನಲ್ ಸಾಲಿಗೆ ಐಒಮೆಮ್=ರಿಲ್ಯಾಕ್ಸ್ಡ್ ಸೇರಿಸಿ ಒಮ್ಮೆ ಬೂಟ್ ಮಾಡಿ; ಕೆಲಸ ಮುಗಿದ ಮೇಲೆ ತೆಗೆದುಬಿಡಿ, ಅದು ಒಂದು ಬಾಗಿಲನ್ನು ತೆರೆದಿಡುತ್ತದೆ. ಲಾಗಿನಲ್ಲಿ ಕಾರ್ಡ್ ಸಿಕ್ಕಿತೇ, ಅದರ ಆಪ್ಶನ್ ರೋಮ್ ಸಿಕ್ಕಿತೇ, ಓಡಿತೇ ಎಂಬ ಸಾಲುಗಳು ಒಂದರ ಹಿಂದೆ ಒಂದು ಸಿಗುತ್ತವೆ. ಎಲ್ಲಿ ಸಾಲು ನಿಂತಿದೆಯೋ ಅಲ್ಲಿ ತೊಂದರೆ. ಲಿನಕ್ಸ್ ಬಾರದ ಮೆಷೀನಿಗೆ ಸೀರಿಯಲ್ ಪೋರ್ಟ್ ಇದ್ದರೆ ಅದರ ಮೂಲಕ ಓದಬಹುದು.

ಯಾರನ್ನಾದರೂ ಸಹಾಯ ಕೇಳುವಾಗ ಈ ಲಾಗ್, ಕರ್ನಲ್ ಲಾಗ್, ಎಲ್ಎಸ್‌ಪಿಸಿಐ ಪಟ್ಟಿ, ಹಾಕಿದ ಇಮೇಜಿನ ಪೂರ್ತಿ ಹೆಸರು, ಇವಿಷ್ಟನ್ನೂ ಕೊಡಿ. "ಡಿಸ್ಪ್ಲೇ ಬರ್ತಿಲ್ಲ" ಎಂದಷ್ಟೇ ಬರೆದರೆ ಯಾರಿಗೂ ಏನೂ ಹೇಳಲಾಗದು.

ಚಿಪ್ಪಿಗೆ ಕ್ಲಿಪ್ ಹಾಕುವ ಹಂತ, ಮತ್ತು ನಿಲ್ಲಿಸುವ ಹಂತ

ಮೆಷೀನ್ ಏಳುವುದೇ ಇಲ್ಲ ಎಂದಾದರೆ ಉಳಿದದ್ದು ಹೊರಗಿನಿಂದ ಫ್ಲಾಶ್ ಮಾಡುವುದು. ರಾಸ್ಪ್‌ಬೆರಿ ಪೈ ಪಿಕೋ ಎಂಬ ಪುಟ್ಟ ಬೋರ್ಡ್ ಮತ್ತು ಚಿಪ್ಪಿನ ಕಾಲುಗಳಿಗೆ (ಸಾಮಾನ್ಯವಾಗಿ ಎಂಟು) ಹೊಂದುವ ಕ್ಲಿಪ್ ಸಾಕು. ಎಲ್ಲೆಡೆ ಸಿಗುವ ಕಪ್ಪು ಬಣ್ಣದ ಸಿಎಚ್341ಎ ಪ್ರೋಗ್ರಾಮರ್ (ಚಿಪ್ಪಿಗೆ ಬರೆಯುವ ಸಾಧನ) ಅಗ್ಗ, ಆದರೆ ಅದರ ಡೇಟಾ ತಂತಿಗಳಲ್ಲಿ 5 ವೋಲ್ಟ್ ಬರುತ್ತದೆ. ಈ ಮೆಷೀನುಗಳ ಚಿಪ್ಪಿಗೆ ಬೇಕಾದ್ದು 3.3 ವೋಲ್ಟ್. ಚಿಪ್ಪಿನ ಜೊತೆ ಬೋರ್ಡಿನ ಇತರ ಭಾಗಗಳೂ ಸುಟ್ಟುಹೋಗಬಹುದು.

ಚಾರ್ಜರ್, ಬ್ಯಾಟರಿ, ಸಿಮಾಸ್ ಬ್ಯಾಟರಿ ಮೂರೂ ಹೊರಗಿರಲಿ. ಚಿಪ್ಪಿನ ಮೂಲೆಯ ಚುಕ್ಕಿ ಒಂದನೇ ಕಾಲಿನ ಗುರುತು, ಕ್ಲಿಪ್ಪಿನ ಕೆಂಪು ತಂತಿ ಅದಕ್ಕೆ ಬರಬೇಕು. ಬರೆಯುವ ಮೊದಲು ಎರಡು ಸಲ ಓದಿ, ಎರಡೂ ಫೈಲುಗಳ ಬೆರಳಚ್ಚಿನಂಥ ಶಾ256 ಮೊತ್ತ ಹೋಲಿಸಿ. ಒಂದು ಅಕ್ಷರ ಬೇರೆಯಾದರೂ ಕ್ಲಿಪ್ ಸಡಿಲವಾಗಿದೆ, ಬರೆಯಬೇಡಿ. ಎಕ್ಸ್230ಯಲ್ಲಿ 8 ಎಂಬಿ, 4 ಎಂಬಿ ಎಂದು ಎರಡು ಚಿಪ್ಪುಗಳಿವೆ, ಯಾವುದಕ್ಕೆ ಯಾವ ತುಂಡು ಎಂಬುದು ತಪ್ಪಬಾರದು. ಗೆಳೆಯನ ಮೆಷೀನಿನ ಫೈಲ್ ತಂದು ಹಾಕುವುದೂ ಬೇಡ. ನೆಟ್‌ವರ್ಕಿನ ಮ್ಯಾಕ್ ವಿಳಾಸ ಅದೇ ಫೈಲಿನಲ್ಲಿರುತ್ತದೆ.

ಚಿಪ್ ಕೈಗೆ ಬಿಸಿ ಹತ್ತುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಕೆಪಾಸಿಟರುಗಳ ತಲೆ ಉಬ್ಬಿದ್ದರೆ, ಅಥವಾ ಮೂರು ಸಲ ಓದಿದರೂ ಮೂರು ಬೇರೆ ಬೇರೆ ಮೊತ್ತ ಬರುತ್ತಿದ್ದರೆ ಕೈ ತೆಗೆಯಿರಿ. ಚಿಪ್ ಮಟ್ಟದ ರಿಪೇರಿ ಮಾಡುವವರ ಬಳಿ ಕೊಡುವಾಗ ಮೆಷೀನಿನ ಜೊತೆ ಮೊದಲೇ ತೆಗೆದಿಟ್ಟ ಕಂಪನಿಯ ಬಯೋಸಿನ ನಕಲನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕೊಡಿ, ಮತ್ತು ಇದರಲ್ಲಿ ಕೋರ್‌ಬೂಟ್ ಇದೆ ಎಂದು ಒಂದು ಚೀಟಿ ಅಂಟಿಸಿ. ಇಲ್ಲದಿದ್ದರೆ ಅವರೂ ಕಪ್ಪು ಪರದೆ ನೋಡಿ ಬೋರ್ಡ್ ಹೋಗಿದೆ ಎಂದೇ ಬರೆದು ಕಳಿಸುತ್ತಾರೆ.